ಓದುಗರ ಪ್ರಶ್ನೆ, ನಮ್ಮ ಉತ್ತರ: ಗಾಳಿ ಬಂದ ಕಡೆ ತೂರಿಕೊಳ್ಳುವವರು ಯಾರು?

ಊರೆಲ್ಲ ಮೆಚ್ಚಿಕೊಂಡದ್ದನ್ನು ಕಂಡು ತಾವೂ ಅದರ ಹಿಂದೆ ಹೊರಡುವವರನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬುದರ ಸುತ್ತ ಈ ತಿಂಗಳು ಹಲವು ಪತ್ರಗಳು ಬಂದಿವೆ. ಆದ್ದರಿಂದ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವುಗಳಿಗೆ ಒಟ್ಟಿಗೆ ಉತ್ತರಿಸಿದ್ದೇನೆ.

ಪ್ರಶ್ನೆ: ಉಡುಪಿಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಅನುವಾದದ ಅಭ್ಯಾಸಕ್ಕೆಂದು ಕೊಟ್ಟ ತುಣುಕೊಂದರಲ್ಲಿ ‘ಜಂಪ್ ಆನ್ ದ ಬ್ಯಾಂಡ್‌ವ್ಯಾಗನ್’ ಎಂಬ ಇಂಗ್ಲಿಷ್ ನುಡಿಗಟ್ಟು ಇತ್ತು. ಕೆಲವು ಮಕ್ಕಳು ‘ವಾದ್ಯದ ಗಾಡಿಗೆ ಹಾರಿದರು’ ಎಂದು ಬರೆದರು. ಹೆಚ್ಚಿನವರು ‘ಗಾಳಿ ಬಂದಾಗ ತೂರಿಕೊಂಡರು’ ಎಂದು ಬರೆದರು. ಎರಡನೆಯ ಉತ್ತರಕ್ಕೆ ಪೂರ್ಣ ಅಂಕ ಕೊಡಬೇಕೆಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ, ಆದರೆ ಕಾರಣ ಹೇಳಲೂ ಬರುತ್ತಿಲ್ಲ. ಸರಿಯಾದ ಕನ್ನಡ ನುಡಿಗಟ್ಟು ಯಾವುದು?
— ಓದುಗರೊಬ್ಬರು, ಉಡುಪಿ

ಉತ್ತರ: ನಿಮ್ಮ ಮನಸ್ಸು ಒಪ್ಪದಿರುವುದಕ್ಕೆ ಗಟ್ಟಿಯಾದ ಕಾರಣವಿದೆ. ಮೊದಲು ಇಂಗ್ಲಿಷ್ ನುಡಿಗಟ್ಟಿನ ಹಿನ್ನೆಲೆಯನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸರ್ಕಸ್ ಕಂಪನಿ ಊರಿಗೆ ಬಂದಾಗ ಬೀದಿಯಲ್ಲಿ ಮೆರವಣಿಗೆ ಹೊರಡುತ್ತಿತ್ತು. ವಾದ್ಯದವರನ್ನು ಕೂರಿಸಿಕೊಂಡ, ಬಣ್ಣಬಣ್ಣದ ಎತ್ತರದ ಗಾಡಿ ಅದರಲ್ಲಿ ಎದ್ದು ಕಾಣುತ್ತಿತ್ತು; ಅದೇ ‘ಬ್ಯಾಂಡ್‌ವ್ಯಾಗನ್’. ಪ್ರದರ್ಶನಗಳ ಉದ್ಯಮಿ ಪಿ. ಟಿ. ಬಾರ್ನಮ್ 1855ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಆ ಗಾಡಿಯ ಹೆಸರು ಗಾಡಿ ಎಂಬ ಅರ್ಥದಲ್ಲೇ ಬರುತ್ತದೆ. ಮುಂದೆ ಚುನಾವಣೆಯ ಮೆರವಣಿಗೆಗಳಲ್ಲೂ ಅಂಥ ಗಾಡಿಗಳು ಕಾಣಿಸಿಕೊಂಡವು. 1899ರಲ್ಲಿ ಅಮೆರಿಕದ ರಾಜಕಾರಣಿ ಥಿಯೋಡರ್ ರೂಸ್‌ವೆಲ್ಟ್ ಬರೆದ ಪತ್ರವೊಂದರಲ್ಲಿ, ತನಗೆ ಬಹುಮತ ಖಚಿತವಾದೊಡನೆ ಜನ ಒಬ್ಬರ ಮೇಲೊಬ್ಬರು ಬಿದ್ದು ಆ ಗಾಡಿ ಹತ್ತಿದರೆಂಬ ಮಾತಿದೆ; ಆ ಹೊತ್ತಿಗೆ ಅದು ನುಡಿಗಟ್ಟಾಗಿತ್ತು. ಮಂಗಳೂರು ದಸರಾದಲ್ಲಿ ಕುದ್ರೋಳಿಯಿಂದ ಹೊರಡುವ ಮೆರವಣಿಗೆಯನ್ನು ನೋಡಿದ ಮಕ್ಕಳಿಗೆ ಈ ಚಿತ್ರ ಕಷ್ಟವಾಗದು, ಏಕೆಂದರೆ ವಾದ್ಯದ ಸದ್ದು ಜೋರಾಗಿರುವಲ್ಲಿಗೇ ಜನ ಸೇರುವುದನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ನುಡಿಗಟ್ಟಿನ ಜೀವ ಇರುವುದು ಒಂದು ಸಂಗತಿಯಲ್ಲಿ: ಗಾಡಿ ಹತ್ತಿದವನು ವಾದ್ಯ ನುಡಿಸುವವನಲ್ಲ, ಗಾಡಿಯನ್ನು ಕಟ್ಟಿದವನೂ ಅಲ್ಲ, ಸದ್ದು ಜೋರಾದ ಮೇಲೆ, ಜನ ಸೇರಿದ್ದಾರೆಂಬ ಒಂದೇ ಕಾರಣಕ್ಕೆ ಬಂದವನು.

ಇನ್ನು ‘ಗಾಳಿ ಬಂದಾಗ ತೂರಿಕೋ’ ಎಂಬುದಕ್ಕೆ ಬರೋಣ. ಇದು ಕಣದ ಮಾತು, ನಮ್ಮ ಕರಾವಳಿಯಲ್ಲಾದರೆ ಅಂಗಳದ ಮಾತು. ಕೊಯ್ದ ಪೈರನ್ನು ಪಡಿಮಂಚಕ್ಕೆ ಬಡಿದು ಭತ್ತ ಉದುರಿಸಿದ ಮೇಲೆ, ಅದರಲ್ಲಿ ಗಟ್ಟಿ ಕಾಳಿನೊಂದಿಗೆ ಜಳ್ಳೂ ಹುಲ್ಲಿನ ಚೂರೂ ಬೆರೆತಿರುತ್ತವೆ. ಗೆರಸೆಯಲ್ಲಿ ತುಂಬಿ, ಭುಜದ ಮಟ್ಟಕ್ಕೆ ಎತ್ತಿ ಹಿಡಿದು, ಸ್ವಲ್ಪ ಸ್ವಲ್ಪವಾಗಿ ಅಲುಗಿಸುತ್ತ ಸುರಿದರೆ ಕಾಳು ನೇರವಾಗಿ ಕಾಲ ಬುಡದಲ್ಲಿ ಬೀಳುತ್ತದೆ, ಜಳ್ಳು ಗಾಳಿ ಹೋದತ್ತ ಆಚೆ ಹೋಗಿ ಬೀಳುತ್ತದೆ. ಗಾಳಿ ಇಲ್ಲದಿದ್ದರೆ ಎರಡೂ ಒಂದೇ ಕಡೆ ಬಿದ್ದು ಮಾಡಿದ ಕೆಲಸ ವ್ಯರ್ಥವಾಗುತ್ತದೆ. ಗಾಳಿ ವಿಪರೀತವಾದರೆ ಕಾಳೂ ಹಾರಿಹೋಗುತ್ತದೆ. ಹದವಾದ ಗಾಳಿ ಯಾವಾಗ ಬರುತ್ತದೆಂದು ಹೇಳಲಾಗದು, ಆದ್ದರಿಂದ ಬಂದ ಗಳಿಗೆಯಲ್ಲಿ ಕೈ ಕಟ್ಟಿ ಕೂರಬೇಡ ಎಂದು ಹಿರಿಯರು ಹೇಳಿದರು. ತೂರುವವನು ಉತ್ತು, ನೆಟ್ಟು, ಕೊಯ್ದು, ಬಡಿದು ಮುಗಿಸಿದ್ದಾನೆ. ಅವನ ಗೆರಸೆಯಲ್ಲಿ ಅವನದೇ ಭತ್ತವಿದೆ. ಅವನು ಕಾದದ್ದು ಕೆಲಸದ ಕೊನೆಯ ಹಂತಕ್ಕೆ ಬೇಕಾದ ಅನುಕೂಲಕ್ಕೆ ಮಾತ್ರ. ಇಂಥವನನ್ನು ಪರರ ಗಾಡಿ ಹತ್ತಿದವನಿಗೆ ಸಮ ಮಾಡುವುದು ಆ ದುಡಿಮೆಗೆ ಮಾಡುವ ಅನ್ಯಾಯ. ಸಮಯವನ್ನು ಸದುಪಯೋಗ ಮಾಡಿಕೊಂಡದ್ದನ್ನು ಮೆಚ್ಚುವಾಗ ಬಳಸಬೇಕಾದ ಗಾದೆ ಇದು.

ಹಾಗಾದರೆ ಮಕ್ಕಳು, ಮಕ್ಕಳೇನು, ದೊಡ್ಡವರೂ ಇದನ್ನು ಬೈಗುಳದಂತೆ ಬಳಸುವುದು ಹೇಗೆ ಬಂತು? ನನಗೆ ತೋರುವ ಕಾರಣ ಇದು. ‘ತೂರು’ ಎಂಬುದಕ್ಕೆ ಕನ್ನಡದಲ್ಲಿ ಸಂದಿಯಲ್ಲಿ ನುಗ್ಗು, ಒಳಹೋಗು ಎಂಬ ಅರ್ಥವೂ ಇದೆ; ‘ಬೇಲಿಯಲ್ಲಿ ತೂರಿಕೊಂಡು ಹೋದ’ ಎನ್ನುತ್ತೇವೆ. ಭತ್ತ ತೂರುವುದನ್ನು ನೋಡದೆ, ಕಟಾವಿನ ಯಂತ್ರದಿಂದ ಕಾಳು ನೇರವಾಗಿ ಚೀಲಕ್ಕೆ ಬೀಳುವುದನ್ನೇ ಕಂಡು ಬೆಳೆದವರಿಗೆ ಎರಡನೆಯ ಅರ್ಥವೇ ಮೊದಲು ಹೊಳೆಯುತ್ತದೆ. ಅವರ ಕಿವಿಗೆ ಈ ಗಾದೆ ‘ಅವಕಾಶ ಕಂಡಾಗ ನುಸುಳಿಕೋ’ ಎಂದು ಕೇಳಿಸುತ್ತದೆ. ನಿಮ್ಮ ವಿದ್ಯಾರ್ಥಿಗಳು ಬರೆದದ್ದೂ ಈ ಅರ್ಥದಲ್ಲೇ ಇರಬೇಕು. ಇದನ್ನು ತಿದ್ದಿ ಹೇಳಿದರೆ ಅವರಿಗೆ ನುಡಿಗಟ್ಟಿನ ಜೊತೆಗೆ ಒಂದು ಕಸುಬಿನ ಪರಿಚಯವೂ ಆಗುತ್ತದೆ.

ಆದರೆ ಪತ್ರಿಕೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ‘ಗಾಳಿ ಬಂದ ಕಡೆ ತೂರಿಕೊಳ್ಳುವವರು’ ಎಂಬ ರೂಪ ಬೇರೆಯೇ. ಇಲ್ಲಿ ಗಾಳಿಯ ಹೊತ್ತು ಮುಖ್ಯವಲ್ಲ, ಅದರ ದಿಕ್ಕು ಮುಖ್ಯ. ನಿನ್ನೆ ಪಡುವಣಕ್ಕೆ, ಇಂದು ಮೂಡಣಕ್ಕೆ ಮುಖ ಮಾಡುವವರನ್ನು ಇದು ನಿಂದಿಸುತ್ತದೆ. ಮಕ್ಕಳು ಹೀಗೆ ಬರೆದಿದ್ದರೆ ನಾನು ಪೂರ್ಣ ಅಂಕ ಕೊಡುತ್ತಿದ್ದೆ. ‘ವಾದ್ಯದ ಗಾಡಿಗೆ ಹಾರಿದರು’ ಎಂಬುದಕ್ಕೆ ಅಂಕ ಸಲ್ಲದು, ಏಕೆಂದರೆ ಇಂಗ್ಲಿಷ್ ಬಾರದ ಕನ್ನಡಿಗನಿಗೆ ಅದರಿಂದ ಏನೂ ತಿಳಿಯುವುದಿಲ್ಲ.

ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ: ಆ ಇಂಗ್ಲಿಷ್ ನುಡಿಗಟ್ಟಿಗೆ ಕನ್ನಡದಲ್ಲಿ ಒಂದೇ ಒಂದು ಸಮಾನ ಮಾತನ್ನು ಹುಡುಕಬಾರದು, ಹುಡುಕಿದರೆ ಸಿಗುವುದೂ ಇಲ್ಲ. ಜನರ ಹಿಂದೆ ಹೋಗುವವರು ಯಾವ ಕಾರಣಕ್ಕೆ ಹೋಗುತ್ತಾರೆ ಎಂಬುದನ್ನು ನೋಡಿ ನಮ್ಮ ಗಾದೆಗಳು ಬೇರೆಬೇರೆ ಮಾತು ಆಡುತ್ತವೆ. ಲಾಭದ ಲೆಕ್ಕ ಹಾಕಿ ಪಕ್ಷ ಬದಲಿಸುವವನಿಗೆ ಮೇಲೆ ಹೇಳಿದ ಗಾಳಿಯ ಮಾತು. ಕೇಳಿದ್ದನ್ನು ಒಂದು ಕ್ಷಣವೂ ಯೋಚಿಸದೆ ನಂಬಿ ಹೊರಡುವವನಿಗೆ ‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದಂತೆ’. ಪರರ ವೈಭವ ನೋಡಿ ತನಗೆ ಒಗ್ಗದ್ದನ್ನು ತಾನೂ ಮಾಡಹೋಗುವವನಿಗೆ ‘ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿತಂತೆ’. ಒಬ್ಬನೇ ವ್ಯಕ್ತಿಯನ್ನು ಬಿಡದೆ ಹಿಂಬಾಲಿಸುವವನಿಗೆ ‘ಬಸವನ ಹಿಂದೆ ಬಾಲ’. ತನಗೆ ಭಕ್ತಿಯೋ ಅಭಿಪ್ರಾಯವೋ ಇಲ್ಲದಿದ್ದರೂ ಎಲ್ಲರ ಸ್ವರದಲ್ಲಿ ತನ್ನದನ್ನೂ ಸೇರಿಸಿ, ನಾಳೆ ಯಾರೂ ತನ್ನನ್ನು ಹೊಣೆ ಮಾಡಲಾರರೆಂಬ ನೆಮ್ಮದಿಯಲ್ಲಿರುವವನಿಗೆ ‘ಗುಂಪಿನಲ್ಲಿ ಗೋವಿಂದ’. ಇಂಗ್ಲಿಷಿನ ಗಾಡಿಗೆ ಬಹುಮಟ್ಟಿಗೆ ಹತ್ತಿರ ಬರುವುದು ಈ ಕೊನೆಯದೇ ಎಂದು ನನ್ನ ಅಭಿಪ್ರಾಯ, ಏಕೆಂದರೆ ಎರಡರಲ್ಲೂ ಸದ್ದಿದೆ, ಗುಂಪಿದೆ, ಮತ್ತು ಗುಂಪಿಗೆ ತನ್ನದೇನನ್ನೂ ಕೊಡದೆ ಅದರ ಆಸರೆ ಪಡೆಯುವ ಒಬ್ಬನಿದ್ದಾನೆ. ನಿಮ್ಮ ತುಣುಕಿನಲ್ಲಿರುವ ಜನ ಯಾಕೆ ಆ ಗಾಡಿ ಹತ್ತಿದರು ಎಂದು ಮಕ್ಕಳನ್ನೇ ಕೇಳಿ. ಅವರು ಹೇಳುವ ಕಾರಣವೇ ಗಾದೆಯನ್ನು ಆರಿಸಿಕೊಡುತ್ತದೆ.

ತರಗತಿಯಲ್ಲಿ ಹೇಳಲು ಒಂದು ಹಳೆಯ ಕಥೆಯೂ ಇದೆ. ಗಂಗಾಸ್ನಾನಕ್ಕೆ ಬಂದ ಬಡ ಬ್ರಾಹ್ಮಣನೊಬ್ಬ ತನ್ನ ತಾಮ್ರದ ಪಾತ್ರೆ ಕಳವಾಗಬಾರದೆಂದು ಮರಳಿನಲ್ಲಿ ಹೂತು, ಜಾಗ ತಿಳಿಯಲೆಂದು ಅದರ ಮೇಲೆ ಮರಳಿನ ಲಿಂಗವೊಂದನ್ನು ಮಾಡಿಟ್ಟು ನೀರಿಗಿಳಿದ. ಇದು ಇಲ್ಲಿಯ ಸ್ನಾನವಿಧಿ ಇರಬೇಕೆಂದುಕೊಂಡು ಹಿಂದೆ ಬಂದವರೆಲ್ಲ ಒಂದೊಂದು ಮರಳ ಲಿಂಗ ಮಾಡಿದರು. ಅವನು ಮಿಂದು ಬರುವಷ್ಟರಲ್ಲಿ ದಂಡೆಯ ತುಂಬ ಲಿಂಗಗಳು. ಪಾತ್ರೆ ಯಾವುದರ ಕೆಳಗಿದೆಯೆಂದು ತಿಳಿಯುವಂತಿಲ್ಲ. ‘ಗತಾನುಗತಿಕೋ ಲೋಕಃ’, ಲೋಕದ ಜನ ಮುಂದೆ ಹೋದವರ ಹಿಂದೆ ಹೋಗುವವರೇ ಹೊರತು ದಿಟವನ್ನು ನೋಡುವವರಲ್ಲ, ಎಂದು ಅವನು ಹೇಳಿಕೊಂಡ ಶ್ಲೋಕ ಪ್ರಸಿದ್ಧವಾಗಿದೆ. ಈ ಕಥೆಯಲ್ಲಿ ನನಗೆ ಬಹಳ ಮುಖ್ಯವೆನಿಸುವುದು, ಲಿಂಗ ಮಾಡಿದವರಲ್ಲಿ ಒಬ್ಬರೂ ಕೆಟ್ಟವರಲ್ಲ ಎಂಬುದು. ಅವರದು ಲೋಭವಲ್ಲ, ಮೋಸವೂ ಅಲ್ಲ. ಮೊದಲಿನವನನ್ನು ‘ಇದು ಯಾಕೆ?’ ಎಂದು ಕೇಳಲಿಲ್ಲ, ಅಷ್ಟೆ. ಆದರೂ ಒಬ್ಬ ಬಡವನ ಪಾತ್ರೆ ಹೋಯಿತು.

ಪ್ರಶ್ನೆ: ನಾವು ಕಾರ್ಕಳದ ಕಡೆಯ ಅಡಿಕೆ ಬೆಳೆಗಾರರು. ಇಪ್ಪತ್ತು ವರ್ಷಗಳ ಹಿಂದೆ ವೆನಿಲ್ಲಾ ಹಾಕಿ ಕೈ ಸುಟ್ಟುಕೊಂಡವರಲ್ಲಿ ನಮ್ಮ ಮನೆಯವರೂ ಸೇರಿದ್ದಾರೆ. ಇಂದಿಗೂ ಮದುವೆ ಮುಂಜಿಗಳಲ್ಲಿ ಕೃಷಿಯ ಮಾತು ಬಂದರೆ ‘ಕುರಿಗಳ ಹಾಗೆ ಒಂದರ ಹಿಂದೆ ಒಂದು ಹಳ್ಳಕ್ಕೆ ಬಿದ್ದಿರಿ’ ಎಂದು ನೆಂಟರು ಹೇಳುವುದುಂಟು. ತಂದೆಯವರು ಅದನ್ನು ಕೇಳಿ ಸುಮ್ಮನಾಗುತ್ತಾರೆ. ಈ ಮಾತು ನಮಗೆ ನಿಜವಾಗಿ ಸಲ್ಲುತ್ತದೆಯೇ?
— ಓದುಗರೊಬ್ಬರು, ಕಾರ್ಕಳ ತಾಲೂಕು

ಉತ್ತರ: ಸಲ್ಲುವುದಿಲ್ಲ. ಯಾಕೆ ಸಲ್ಲುವುದಿಲ್ಲ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಈ ಒಂದು ಬಿರುದನ್ನು ನಮ್ಮ ಎರಡು ಜಿಲ್ಲೆಗಳಲ್ಲಿ ಬಹಳ ಮನೆಗಳು ಹೊತ್ತುಕೊಂಡಿವೆ.

ಜಗತ್ತಿಗೆ ಅತಿ ಹೆಚ್ಚು ವೆನಿಲ್ಲಾ ಕೊಡುವ ದೇಶ ಮಡಗಾಸ್ಕರ್. 2000ದ ಏಪ್ರಿಲ್‌ನಲ್ಲಿ ಹುಡಾ ಎಂಬ ಚಂಡಮಾರುತ ಅಲ್ಲಿನ ವೆನಿಲ್ಲಾ ಸೀಮೆಗೆ ಅಪ್ಪಳಿಸಿತು. ಪೂರೈಕೆ ಕುಸಿದು, ಸಂಸ್ಕರಿಸಿದ ಕೋಡಿನ ಬೆಲೆ ಏರುತ್ತ ಹೋಗಿ 2003ರ ಸುಮಾರಿಗೆ ವಿಶ್ವ ಮಾರುಕಟ್ಟೆಯಲ್ಲಿ ಕಿಲೋಗೆ 400 ಡಾಲರ್ ದಾಟಿತು. ಇಲ್ಲಿ ಹಸಿ ಕೋಡಿಗೇ ಕಿಲೋಗೆ ಸಾವಿರಾರು ರೂಪಾಯಿ ಸಿಗತೊಡಗಿತು. ಅದೇ ವರ್ಷಗಳಲ್ಲಿ ಅಡಿಕೆಯ ಧಾರಣೆ ನೆಲ ಕಚ್ಚಿತ್ತು. ಸಾಲ, ಮಕ್ಕಳ ಓದು, ತೋಟದ ಕೂಲಿ ಇವೆಲ್ಲ ಒಂದೇ ಬೆಳೆಯ ಮೇಲೆ ನಿಂತಿದ್ದ ಮನೆಗೆ, ಅದೇ ತೋಟದ ನೆರಳಲ್ಲಿ ಬೆಳೆಯುವ ಬಳ್ಳಿಯೊಂದು ದಾರಿ ತೋರಿಸಿದಾಗ ಅದನ್ನು ಹಿಡಿಯುವುದು ಕುರಿತನವಾಗಲು ಹೇಗೆ ಸಾಧ್ಯ? ‘ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ’ ಎಂಬ ಮಾತು ಇರುವುದು ಇಂಥ ಹೊತ್ತಿಗೆ.

ಕುರಿ ಎಂದು ಕರೆಯುವವರು ಆ ದುಡಿಮೆಯನ್ನು ನೋಡಿರಲಾರರು. ವೆನಿಲ್ಲಾ ಮೆಕ್ಸಿಕೊ ಮೂಲದ ಆರ್ಕಿಡ್. ಅದರ ಹೂವಿಗೆ ಪರಾಗಸ್ಪರ್ಶ ಮಾಡುವ ಕೀಟಗಳು ನಮ್ಮಲ್ಲಿಲ್ಲ. ಹೂವು ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ. ಆದ್ದರಿಂದ ಹೂವಿನ ಕಾಲದಲ್ಲಿ ದಿನವೂ ಬೆಳಗ್ಗೆ ತೋಟಕ್ಕೆ ಹೋಗಿ, ಒಂದೊಂದೇ ಹೂವನ್ನು ಎಡಗೈಯಲ್ಲಿ ಹಿಡಿದು, ಸಣ್ಣ ಕಡ್ಡಿಯಿಂದ ಒಳಗಿನ ತೆಳು ಪೊರೆಯನ್ನು ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಶಲಾಕಾಗ್ರಕ್ಕೆ, ಅಂದರೆ ಹೂವಿನ ಹೆಣ್ಣು ಭಾಗದ ತುದಿಗೆ, ಒತ್ತಬೇಕು. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ ಕಂಡುಹಿಡಿದ ವಿಧಾನವೇ ಇಂದಿಗೂ ನಡೆಯುತ್ತಿದೆ. ಅದಾದ ಮೇಲೆ ಕೋಡು ಬಲಿಯಲು ಎಂಟೊಂಬತ್ತು ತಿಂಗಳು ಬೇಕು. ಕಳ್ಳರ ಭಯದಿಂದ ರಾತ್ರಿ ತೋಟ ಕಾದವರೂ ಇದ್ದಾರೆ. ಬೆಲೆ ಕೇಳಿ ಬಂದಿದ್ದರೂ, ಬಂದ ಮೇಲೆ ಇಷ್ಟು ಕೆಲಸ ಮಾಡಿದವರನ್ನು ಗಾಡಿ ಹತ್ತಿ ಕುಳಿತವರೆಂದು ಹೇಳಲಾಗದು. ಅವರು ಗಾಡಿಯನ್ನು ಎಳೆದವರು.

ಹಾಗಾದರೆ ತಪ್ಪಿದ್ದೆಲ್ಲಿ? ಬಳ್ಳಿ ನೆಟ್ಟು ಕೋಡು ಕೊಯ್ಯುವ ನಡುವಿನ ಅಂತರದಲ್ಲಿ. ತುಂಡು ನೆಟ್ಟರೆ ಹೂವು ಬರಲು ಸುಮಾರು ಮೂರು ವರ್ಷ. 2003ರ ಬೆಲೆ ನೋಡಿ ನೆಟ್ಟವನ ಕೈಗೆ ಕೋಡು ಬರುವುದು 2006ರ ನಂತರ. ಅಷ್ಟರೊಳಗೆ ಮಡಗಾಸ್ಕರ್ ಮತ್ತೆ ನೆಟ್ಟಿತ್ತು, ಬೇರೆ ದೇಶಗಳೂ ನೆಟ್ಟಿದ್ದವು, ದುಬಾರಿ ಬೆಲೆಗೆ ಬೇಸತ್ತ ಆಹಾರ ಕಂಪನಿಗಳು ಕೃತಕ ವೆನಿಲಿನ್‌ನತ್ತ ತಿರುಗಿದ್ದವು. 2005ರ ಹೊತ್ತಿಗೆ ವಿಶ್ವ ಬೆಲೆ 50 ಡಾಲರಿಗೂ ಕೆಳಗಿಳಿಯಿತು. ಪಕ್ಕದ ಮನೆಯವರು ಕೋಡು ಮಾರಿ ತಂದ ಹಣ ರೈತನ ಕಣ್ಣಿಗೆ ಕಾಣುತ್ತದೆ; ಅದೇ ಹೊತ್ತಿಗೆ ಸಮುದ್ರದಾಚೆ ಎಷ್ಟು ಸಾವಿರ ಎಕರೆಯಲ್ಲಿ ಹೊಸ ಬಳ್ಳಿ ಬೇರು ಬಿಡುತ್ತಿದೆ ಎಂಬುದು ಕಾಣುವುದಿಲ್ಲ. ಎಲ್ಲರೂ ತಮಗೆ ಕಾಣುವ ಬೆಲೆಯನ್ನು ನೋಡಿ ವಿವೇಕದಿಂದಲೇ ನಡೆದರೂ, ಎಲ್ಲರ ನಡೆಯೂ ಸೇರಿ ಆ ಬೆಲೆಯನ್ನು ಬೀಳಿಸಿತು. ಏಳು ವರ್ಷ ಕಾಯಿಸುವ ರಬ್ಬರಿನಲ್ಲೂ ಇದೇ ಆಯಿತು: 2011ರಲ್ಲಿ ಕಿಲೋಗೆ 200 ರೂಪಾಯಿ ದಾಟಿದ ಬೆಲೆ ನೋಡಿ ಗುಡ್ಡ ಕಡಿಸಿದವರು ಹಾಲು ತೆಗೆಯುವ ಹೊತ್ತಿಗೆ ಧಾರಣೆ ಎಷ್ಟೋ ಕೆಳಗಿತ್ತು.

ಆ ದಿನಗಳಲ್ಲಿ ‘ಗಾಳಿ ಬಂದಾಗ ತೂರಿಕೊಂಡವರು’ ಯಾರಾದರೂ ಇದ್ದರೆ ಅವರು ಮೊದಲೇ ಬಳ್ಳಿ ಬೆಳೆಸಿಕೊಂಡಿದ್ದು, ಬೇಡಿಕೆ ಏರಿದಾಗ ತುಂಡುಗಳನ್ನು ಮೀಟರ್ ಲೆಕ್ಕದಲ್ಲಿ ಮಾರಿದವರು. ಅವರಲ್ಲಿ ಕಾಳಿತ್ತು, ಗಾಳಿ ಬಂದಿತ್ತು. ಅವರನ್ನೂ ನಾನು ನಿಂದಿಸುವುದಿಲ್ಲ.

ಇದೇ ನೆಲದ ಇನ್ನೊಂದು ಉದಾಹರಣೆಯನ್ನೂ ನಿಮ್ಮ ನೆಂಟರಿಗೆ ಹೇಳಿ. 1970ರ ದಶಕದಲ್ಲಿ ಅಡಿಕೆ ತೋಟಗಳಲ್ಲಿ ಒಬ್ಬರನ್ನು ನೋಡಿ ಒಬ್ಬರು ಕೊಕ್ಕೊ ಹಾಕಿದರು. 1980ರ ಆಸುಪಾಸಿನಲ್ಲಿ ಬೆಲೆ ಬಿದ್ದು ಬೆಳೆಗಾರರು ಕಂಗಾಲಾದಾಗ, 1973ರಲ್ಲಿ ಮಂಗಳೂರಿನಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡಿದ್ದ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಕೊಕ್ಕೊ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಅಲ್ಲಿಯೂ ಜನ ಒಬ್ಬರ ಹಿಂದೆ ಒಬ್ಬರು ಹೋದವರೇ. ಆದರೆ ಅವರ ಬೆನ್ನಿಗೆ ಕೊಳ್ಳುವವರೂ ಸಂಸ್ಕರಿಸುವವರೂ ಆಗಿ ತಮ್ಮದೇ ಸಂಸ್ಥೆ ಇತ್ತು. ವೆನಿಲ್ಲಾ ಬೆಳೆಗಾರನ ಬೆನ್ನಿಗೆ ಆ ಮಟ್ಟದ ಬಲ ಇರಲಿಲ್ಲ. ಸುಮ್ಮನಾಗುವ ತಂದೆಯವರಿಗೆ ನನ್ನ ಗೌರವ ತಿಳಿಸಿ; ಅವರು ತಲೆ ತಗ್ಗಿಸಬೇಕಾದ ಕಾರಣ ನನಗೆ ಒಂದೂ ಕಾಣುವುದಿಲ್ಲ.

ಪ್ರಶ್ನೆ: ಮಣಿಪಾಲದಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ. ‘ಬ್ಯಾಂಡ್‌ವ್ಯಾಗನ್ ಎಫೆಕ್ಟ್’ ಎಂಬ ಪಾರಿಭಾಷಿಕ ಪದವನ್ನು ಕನ್ನಡದಲ್ಲಿ ಏನೆಂದು ಬರೆಯಬೇಕು? ಸ್ನೇಹಿತೆಯರು ‘ಟ್ರೆಂಡ್ ಫಾಲೋ ಮಾಡುವುದು’ ಎಂದರೆ ಸಾಕು ಎನ್ನುತ್ತಾರೆ.
— ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಮಾತಿನಲ್ಲಿ ‘ಟ್ರೆಂಡ್ ಫಾಲೋ ಮಾಡುವುದು’ ಎಲ್ಲರಿಗೂ ತಿಳಿಯುತ್ತದೆ, ಮಾತಿನಲ್ಲಿ ಅದಿರಲಿ. ಪ್ರಬಂಧದಲ್ಲಿ ‘ಗತಾನುಗತಿಕತೆ’ ಎಂದು ಬರೆಯಿರಿ. ‘ಗತಾನುಗತಿಕ’ ಎಂಬುದು ಕನ್ನಡ ವಿಮರ್ಶೆಯಲ್ಲಿ ಈಗಾಗಲೇ ರೂಢಿಯಲ್ಲಿದೆ, ಅರ್ಥವೂ ನಿಖರವಾಗಿದೆ, ಮೇಲೆ ಹೇಳಿದ ಮರಳ ಲಿಂಗದ ಕಥೆ ಅದರ ಹಿಂದೆ ಇದೆ. ‘ಹಿಂಡು ಪ್ರವೃತ್ತಿ’ ಎಂಬುದೂ ಬಳಕೆಯಲ್ಲಿದೆ, ಆದರೆ ಅದರಲ್ಲಿ ಮನುಷ್ಯರನ್ನು ಪ್ರಾಣಿಗಳೆಂದು ತೀರ್ಪು ಕೊಟ್ಟ ಧ್ವನಿಯಿದೆ. ಶಾಸ್ತ್ರಕ್ಕೆ ಅದು ಬೇಡ.

ಅರ್ಥಶಾಸ್ತ್ರದಲ್ಲಿ ಈ ಪದವನ್ನು ನೆಲೆಗೊಳಿಸಿದವರು ಹಾರ್ವೆ ಲೈಬನ್‌ಸ್ಟೈನ್. ಇತರರು ಕೊಳ್ಳುತ್ತಿದ್ದಾರೆಂಬ ಕಾರಣಕ್ಕೇ ಒಂದು ವಸ್ತುವಿನ ಬೇಡಿಕೆ ಹೆಚ್ಚುವುದನ್ನು ಅವರು 1950ರ ಲೇಖನದಲ್ಲಿ ವಿವರಿಸಿದರು. ಇತರರು ಕೊಳ್ಳುತ್ತಿದ್ದಾರೆಂಬ ಕಾರಣಕ್ಕೇ ಬೇಡವೆನ್ನುವವರೂ ಇರುತ್ತಾರೆಂದು ಅದೇ ಲೇಖನದಲ್ಲಿ ತೋರಿಸಿದರು. ನಿಮ್ಮ ಶಾಸ್ತ್ರದಲ್ಲಿ ಸಾಲೊಮನ್ ಆಶ್ 1950ರ ದಶಕದಲ್ಲಿ ಮಾಡಿದ ಪ್ರಯೋಗಗಳನ್ನು ಓದಿಯೇ ಇರುತ್ತೀರಿ. ಒಂದು ಗೆರೆಯನ್ನು ತೋರಿಸಿ, ಮೂರು ಗೆರೆಗಳಲ್ಲಿ ಯಾವುದು ಅದರಷ್ಟೇ ಉದ್ದವಿದೆ ಎಂದು ಕೇಳುತ್ತಿದ್ದರು. ಕೊಠಡಿಯಲ್ಲಿದ್ದವರಲ್ಲಿ ಒಬ್ಬರ ಹೊರತು ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬಂದವರು. ಅವರು ಹದಿನೆಂಟರಲ್ಲಿ ಹನ್ನೆರಡು ಸಲ ಒಕ್ಕೊರಲಿನಿಂದ ತಪ್ಪು ಉತ್ತರ ಹೇಳುತ್ತಿದ್ದರು. ಆ ಹನ್ನೆರಡು ಸಲಗಳಲ್ಲಿ ಬಂದ ಉತ್ತರಗಳ ಪೈಕಿ ಮೂರನೆಯ ಒಂದರಷ್ಟು, ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿನ ತಪ್ಪನ್ನೇ ಹಿಡಿದವು. ಸುಮಾರು ನಾಲ್ವರಲ್ಲಿ ಮೂವರು ಒಮ್ಮೆಯಾದರೂ ಗುಂಪಿಗೆ ಒಲಿದರು, ಒಬ್ಬರು ಒಮ್ಮೆಯೂ ಒಲಿಯಲಿಲ್ಲ. ನನಗೆ ಇದರಲ್ಲಿ ಬಹಳ ಬೆಲೆಯುಳ್ಳದ್ದಾಗಿ ಕಾಣುವುದು ಇನ್ನೊಂದು ಫಲಿತಾಂಶ: ಕೊಠಡಿಯಲ್ಲಿ ಮತ್ತೊಬ್ಬರು ಸರಿಯಾದ ಉತ್ತರ ಹೇಳತೊಡಗಿದರೆ ಗುಂಪಿಗೆ ಒಲಿಯುವುದು ಮೊದಲಿನ ನಾಲ್ಕನೆಯ ಒಂದು ಪಾಲಿಗೆ ಇಳಿಯಿತು. ‘ಗುಂಪಿನಲ್ಲಿ ಗೋವಿಂದ’ ಎನ್ನುವವರನ್ನೆಲ್ಲ ಪೊಳ್ಳು ಮನುಷ್ಯರೆಂದು ಬಿಡಬಾರದು; ಅವರಲ್ಲಿ ಬಹಳ ಮಂದಿ ತಮ್ಮಂತೆಯೇ ಕಂಡ ಇನ್ನೊಬ್ಬರ ದನಿಗಾಗಿ ಕಾಯುತ್ತಿರುತ್ತಾರೆ.

ಪ್ರಬಂಧಕ್ಕೆ ನಮ್ಮ ದೇಶದ ಉದಾಹರಣೆ ಬೇಕಿದ್ದರೆ ಜನಪ್ರತಿನಿಧಿ ಕಾಯ್ದೆಯ 126ಎ ಕಲಮನ್ನು ನೋಡಿ. ಹಲವು ಹಂತಗಳ ಚುನಾವಣೆಯಲ್ಲಿ ಕೊನೆಯ ಹಂತದ ಮತದಾನ ಮುಗಿಯುವವರೆಗೆ ಮತಗಟ್ಟೆ ಸಮೀಕ್ಷೆಗಳನ್ನು ಪ್ರಕಟಿಸಬಾರದೆಂದು 2009ರಲ್ಲಿ ಅದನ್ನು ಸೇರಿಸಲಾಯಿತು. ಗೆಲ್ಲುವವರು ಇವರೇ ಎಂಬ ಸುದ್ದಿ ಮುಂದಿನ ಮತದಾರರನ್ನು ಒಲಿಸಬಾರದೆಂಬ ಕಾಳಜಿ ಅದರ ಹಿಂದೆ ಇದೆ.

ಪ್ರಶ್ನೆ: ‘ಮಹಾಜನೋ ಯೇನ ಗತಃ ಸ ಪಂಥಾಃ’ ಎಂದು ಮಹಾಭಾರತವೇ ಹೇಳುತ್ತದೆಯಲ್ಲ, ಹತ್ತು ಜನ ಹೋದ ದಾರಿಯಲ್ಲಿ ಹೋಗುವುದನ್ನು ಜರೆಯುವುದು ಯಾಕೆ?
— ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಯಕ್ಷಪ್ರಶ್ನೆಯ ಸಂದರ್ಭದಲ್ಲಿ ಧರ್ಮರಾಯ ಆಡಿದ ಮಾತು ಅದು. ತರ್ಕಕ್ಕೆ ನೆಲೆಯಿಲ್ಲ, ಶ್ರುತಿಗಳು ಬೇರೆಬೇರೆಯಾಗಿವೆ, ಧರ್ಮದ ತತ್ತ್ವ ಗುಹೆಯಲ್ಲಿ ಅಡಗಿದೆ ಎಂದೆಲ್ಲ ಹೇಳಿದ ಮೇಲೆ ಈ ಮಾತು ಬರುತ್ತದೆ. ‘ಮಹಾಜನ’ ಎಂಬುದನ್ನು ದೊಡ್ಡ ಮನುಷ್ಯ ಎಂದೂ, ಬಹಳ ಜನ ಎಂದೂ ಅರ್ಥ ಮಾಡಿದವರಿದ್ದಾರೆ. ಯಾವ ಅರ್ಥ ಹಿಡಿದರೂ, ಬೇರೆ ದಾರಿಗಳನ್ನೆಲ್ಲ ಹುಡುಕಿ ನೋಡಿದ ಮೇಲೆ ಆರಿಸಿಕೊಂಡ ದಾರಿ ಅದು. ಹುಡುಕದೆ ಹೋದವನಿಗೆ ಈ ಶ್ಲೋಕದ ಬೆಂಬಲ ಸಿಗದು.

ಪ್ರಶ್ನೆ: ವೆನಿಲ್ಲಾ ಕಾಲದಲ್ಲಿ ನಮ್ಮ ಅಜ್ಜ ಒಂದು ತುಂಡು ಬಳ್ಳಿಯನ್ನೂ ನೆಡಲಿಲ್ಲ. ಆಗ ಮನೆಯವರು ‘ಇವರು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂದರು, ಬೆಲೆ ಬಿದ್ದ ಮೇಲೆ ‘ದೂರದೃಷ್ಟಿಯವರು’ ಎಂದರು. ಎಲ್ಲರೂ ಹೋಗುವಾಗ ಹೋಗದೆ ನಿಂತವರಿಗೆ ಕನ್ನಡದಲ್ಲಿ ಯಾವ ಮಾತಿದೆ?
— ಓದುಗರೊಬ್ಬರು, ಬ್ರಹ್ಮಾವರ

ಉತ್ತರ: ‘ಪ್ರವಾಹಕ್ಕೆ ಎದುರಾಗಿ ಈಜುವುದು’ ಎಂಬ ಮಾತಿದೆ, ಅದು ಮೆಚ್ಚುಗೆಯ ಮಾತು. ‘ಮೊಲಕ್ಕೆ ಮೂರೇ ಕಾಲು’ ಎಂಬುದು ಹಟಮಾರಿತನಕ್ಕೆ. ನಿಮ್ಮ ಅಜ್ಜನವರಿಗೆ ಇವೆರಡರಲ್ಲಿ ಯಾವುದು ಸಲ್ಲುತ್ತದೆ ಎಂಬುದನ್ನು 2005ರ ಬೆಲೆಯಿಂದ ತೀರ್ಮಾನಿಸಬೇಡಿ, ಏಕೆಂದರೆ ಹೊಸ ಬೆಳೆಯೆಂದರೆ ಆಗದು ಎಂದು ಸುಮ್ಮನೆ ನಿರಾಕರಿಸಿದವರನ್ನೂ ಬೆಲೆಕುಸಿತ ದೂರದೃಷ್ಟಿಯವರನ್ನಾಗಿ ತೋರಿಸಿಬಿಟ್ಟಿತು. ಆ ದಿನಗಳಲ್ಲಿ ಅವರು ಏನು ಕಾರಣ ಹೇಳಿದ್ದರು ಎಂದು ಮನೆಯ ಹಿರಿಯರನ್ನು ಕೇಳಿ. ಈ ಬೆಲೆ ಎಲ್ಲಿಯೋ ಬೀಸಿದ ಚಂಡಮಾರುತದ ಮೇಲೆ ನಿಂತಿದೆ, ಮೂರು ವರ್ಷ ಬಾಳದು ಎಂದೋ, ಹೂವಿನ ಹೊತ್ತಿಗೆ ಕೈಗೆ ಜನ ಸಿಗಲಾರರು ಎಂದೋ ಅವರು ಹೇಳಿದ್ದರೆ ಅವರು ಎದುರೀಜಿದವರೇ. ಅವರು ತೋಟದ ಲೆಕ್ಕದ ಪುಸ್ತಕ ಬರೆಯುತ್ತಿದ್ದರೆ 2001ರಿಂದ 2004ರವರೆಗಿನ ಪುಟಗಳನ್ನು ತೆರೆದು ನೋಡಿ. ವೆನಿಲ್ಲಾದ ಬಗ್ಗೆ ಕೂಡಿ ಕಳೆದ ಲೆಕ್ಕವೇನಾದರೂ ಅಲ್ಲಿ ಸಿಕ್ಕಿದರೆ ದಯವಿಟ್ಟು ನನಗೂ ಬರೆದು ತಿಳಿಸಿ.